ಮಾಳಿಗೆಗೆ ಸುಣ್ಣ ಹೊಡೆದ ಬೇಸಿಗೆ

ಕಲಬುರಗಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಚಟಾಕಿಯನ್ನು ಹೊರಗಿನ ನೆಂಟರಿಗೆ ನಾವೇ ಹೇಳಿ ನಗಿಸುತ್ತಿದ್ದೆವು. 2021ರ ಕೊನೆಯಲ್ಲಿ ಸಾಲ ಮಾಡಿ ಸ್ವಂತ ಮನೆ ಕಟ್ಟಿಸಿ, ಅದರಲ್ಲಿ ಮೊದಲ ಏಪ್ರಿಲ್ ಕಳೆದ ಮೇಲೆ ಆ ಚಟಾಕಿ ನಮ್ಮ ಮನೆಯಲ್ಲಿ ನಿಂತುಹೋಯಿತು. ಮೂವತ್ತು ನಲವತ್ತರ ನಿವೇಶನ, ಪಶ್ಚಿಮಕ್ಕೆ ಮುಖ, ಮುಂದೆ ಆಳೆತ್ತರದ ಗಾಜಿನ ಕಿಟಕಿ, ಮೇಲೆ ಎರಡು ಕೋಣೆ. ನಕ್ಷೆಯನ್ನು ನೋಡಿದಾಗ ಬೆಂಗಳೂರಿನ ಹೊಸ ಬಡಾವಣೆಯ ಮನೆಯಂತೆಯೇ ಇದೆ ಎಂದು ಹಿಗ್ಗಿದವಳು ನಾನೇ. ಹೀಗಾಗಿ ಮುಂದೆ ಹೇಳುವ ತಪ್ಪುಗಳಲ್ಲಿ ಗುತ್ತಿಗೆದಾರರ ಪಾಲಿಗಿಂತ ನನ್ನ ಪಾಲೇ ಹೆಚ್ಚು.

ನಮ್ಮಲ್ಲಿ ಹಗಲಿನ ಬಿಸಿಲಿಗೆ ಯಾರೂ ಹೆದರುವುದಿಲ್ಲ. ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ಬಿಸಿಲು ಏರುತ್ತದೆ, ಏಪ್ರಿಲ್ ಮುಗಿಯುವ ಹೊತ್ತಿಗೆ 42, 43 ಡಿಗ್ರಿ ತಲುಪುತ್ತದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದರಿಂದ, ಕಚೇರಿಯ ನೌಕರಳಾದ ನನಗೆ ಇಳಿಹೊತ್ತಿನ ದುಡಿಮೆ ತಪ್ಪುತ್ತದೆ. ಆದರೆ ಸರಿಯಾಗಿ ನೆತ್ತಿ ಸುಡುವ ಹೊತ್ತಿಗೇ ಸ್ಕೂಟರ್ ಹತ್ತಿ ಮನೆಗೆ ಬರಬೇಕಾಗುತ್ತದೆ ಎಂಬುದು ಬೇರೆ ಮಾತು. ನಮ್ಮನ್ನು ನಿಜವಾಗಿ ಸೋಲಿಸಿದ್ದು ರಾತ್ರಿ. ಹೊರಗೆ ಹತ್ತು ಗಂಟೆಗೆ ಗಾಳಿ ತಣ್ಣಗಾಗಿದ್ದರೂ ಮೇಲಿನ ಕೋಣೆಯ ಗೋಡೆಗೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತಾಗುತ್ತಿತ್ತು. ಫ್ಯಾನ್ ಹಾಕಿದರೆ ಛಾವಣಿಯ ಕಾವನ್ನು ಅದು ಹಾಗೆಯೇ ಹಾಸಿಗೆಯ ಮೇಲೆ ಸುರಿಯುತ್ತಿತ್ತು. ಮಕ್ಕಳಿಬ್ಬರೂ ನಡುರಾತ್ರಿ ದಿಂಬು ಹಿಡಿದು ಕೆಳಗಿಳಿದು ಬಂದು, ಪಡಸಾಲೆಯಲ್ಲಿ ಅಜ್ಜಿಯ ಪಕ್ಕ ಬರಿ ನೆಲದ ಮೇಲೆ ಮಲಗುತ್ತಿದ್ದರು.

ಅತ್ತೆಯವರು ಆ ವರ್ಷ ಒಂದೇ ಮಾತನ್ನು ಹತ್ತಾರು ಸಲ ಹೇಳಿದರು: ‘ಊರ ಮನ್ಯಾಗ ಹಿಂಗಿದ್ದಿಲ್ಲವ್ವ.’ ಹಳೆಯ ಕಾಲದವರ ಗೊಣಗಾಟವೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲಿನ ಕೋಣೆಗೆ ಒಂದು ಟನ್ನಿನ ಎಸಿ ತಂದು ಕೂರಿಸಿದೆವು. ಅದು ಛಾವಣಿ ಮತ್ತು ಗೋಡೆಗಳು ಬಿಡುತ್ತಿದ್ದ ಕಾವಿನೊಡನೆಯೇ ರಾತ್ರಿಯಿಡೀ ಹೆಣಗಾಡುತ್ತಿತ್ತು. ಕರೆಂಟು ಹೋದ ಹತ್ತೇ ನಿಮಿಷದಲ್ಲಿ ಕೋಣೆ ಮತ್ತೆ ಒಲೆಯ ಬಾಯಿಯಂತಾಗುತ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಲೆಕ್ಕವೂ ಸೇರಿಕೊಂಡಿತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿಗಷ್ಟೇ ಅಲ್ಲ, ಇಡೀ ಬಿಲ್ಲಿಗೇ ಹಣ ಕಟ್ಟಬೇಕು. ಹೀಗಾಗಿ ಎಸಿ ರಿಮೋಟ್ ಯಾರ ಕೈಯಲ್ಲಿರಬೇಕು ಎಂಬುದೇ ಮನೆಯಲ್ಲಿ ದಿನದ ಜಗಳವಾಯಿತು.

ಅತ್ತೆಯವರ ಮಾತಿನಲ್ಲಿ ತಿರುಳಿದೆ ಎಂದು ನನಗೆ ಅರ್ಥವಾದದ್ದು ಮರುವರ್ಷ, ಅವರ ತವರಿನ ಹಳೆಯ ಮನೆಯಲ್ಲಿ ಮದುವೆಗೆಂದು ಎರಡು ಮಧ್ಯಾಹ್ನ ಕಳೆದಾಗ. ಒಂದೂವರೆ ಮೊಳದ ಕಲ್ಲಿನ ಗೋಡೆ, ಜಂತಿಯ ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ, ಎತ್ತರದಲ್ಲಿ ಅಂಗೈಯಗಲದ ಬೆಳಕಿಂಡಿ. ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಸವಳು ಮಣ್ಣು ತಂದು ಮಾಳಿಗೆಗೆ ಹಾಕುವ ರಗಳೆಯ ಕಾರಣಕ್ಕೇ ಜನ ಅಂಥ ಮನೆ ಬಿಟ್ಟು ಸ್ಲ್ಯಾಬಿಗೆ ಬಂದದ್ದು, ಅದರಲ್ಲಿ ತಪ್ಪೇನೂ ಇಲ್ಲ. ಮಳೆ ಬಂದಾಗ ಸೋರುವ ಮನೆಯ ಕಷ್ಟ ಅದರಲ್ಲಿದ್ದವರಿಗೇ ಗೊತ್ತು. ಆದರೆ ಮಣ್ಣು ಬಿಸಿಲನ್ನು ಒಳಗೆ ಬಿಡುವುದಿಲ್ಲ, ಐದಿಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ಬೆಳಗಿನ ಜಾವದವರೆಗೆ ಒಳಗೆ ಕಾರುತ್ತದೆ. ನಾವು ಮಾಳಿಗೆಯನ್ನು ಬದಲಾಯಿಸಿದೆವು, ಮಣ್ಣು ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸಲಿಲ್ಲ.

2024ರ ಮಾರ್ಚ್ ಮೊದಲ ವಾರ ನಾನೂ ಯಜಮಾನರೂ ಸೇರಿ ಸುಣ್ಣ ಹೊಡೆಯಲು ನಿಂತೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ ಎಂಬುದು ಶಾಲೆಯ ಪಾಠ. ಅದನ್ನು ತಾರಸಿಯ ಮೇಲೆ ಬರೆಯುವುದು ಅಷ್ಟು ಸಲೀಸಲ್ಲ. ಮೊದಲ ದಿನವೇ ಎಡವಿದೆವು. ಸುಣ್ಣದ ಹರಳನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ ನೀರು ಸುರಿದಾಗ ಅದು ಕೊತಕೊತ ಕುದ್ದು, ಬಕೆಟ್ಟಿನ ತಳ ಮೆತ್ತಗಾಗಿ ಒಂದು ಕಡೆ ವಾಲಿತು. ಆಮೇಲೆ ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ಹರಳು ಅರಳಿಸಿ, ಎರಡು ದಿನ ತಣಿಯಲು ಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿದೆವು. ಅರಳಿಸುವಾಗ ಹಾರುವ ಹನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದಾದ್ದರಿಂದ ಕನ್ನಡಕವಿಲ್ಲದೆ, ಮಕ್ಕಳನ್ನು ಹತ್ತಿರ ಬಿಟ್ಟುಕೊಂಡು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಎರಡನೆಯ ತಪ್ಪು ಬರಿಯ ಸುಣ್ಣವನ್ನೇ ಹೊಡೆದದ್ದು. ಒಣಗಿದ ಮೇಲೆ ಹಾಲಿನಂತೆ ಹೊಳೆಯಿತು, ನಿಜ. ಆದರೆ ಹಪ್ಪಳ ಸಂಡಿಗೆ ಹಾಕಲು ಹತ್ತಿಳಿದವರ ಕಾಲಿಗೆಲ್ಲ ಅಂಟಿ, ಮೆಟ್ಟಿಲಿನಿಂದ ದೇವರ ಕೋಣೆಯವರೆಗೆ ಬಿಳಿ ಹೆಜ್ಜೆ ಮೂಡಿದವು. ವಾರದೊಳಗೆ ಅರ್ಧ ಸುಣ್ಣ ಗಾಳಿಗೆ ಹೋಗಿತ್ತು. ಮತ್ತೆ ತಾರಸಿಯನ್ನು ತೆಂಗಿನ ಪೊರಕೆಯಿಂದ ತಿಕ್ಕಿ ತೊಳೆದು, ನೆಲ ಇನ್ನೂ ತುಸು ಒದ್ದೆಯಿರುವಾಗಲೇ, ಸೋಸಿದ ಸುಣ್ಣಕ್ಕೆ ಬಿಳಿ ಸಿಮೆಂಟನ್ನೂ ಬಡಗಿಗಳು ಬಳಸುವ ಬಿಳಿ ಗೋಂದನ್ನೂ ಕಲಸಿ, ಮೊದಲ ಸಲ ಪೂರ್ವ ಪಶ್ಚಿಮವಾಗಿ, ಒಣಗಿದ ಮೇಲೆ ಎರಡನೆಯ ಸಲ ಉತ್ತರ ದಕ್ಷಿಣವಾಗಿ ಬಳಿದೆವು. ಬೆಳಿಗ್ಗೆ ಐದೂವರೆಗೆ ಶುರು ಮಾಡಿ ಎಂಟರೊಳಗೆ ಮುಗಿಸಬೇಕು. ಬಿಸಿಲೇರಿದರೆ ಸುಣ್ಣ ಹಿಡಿಯುವ ಮುಂಚೆಯೇ ಒಣಗಿ ಬಿರಿಯುತ್ತದೆ, ಆ ಬಿಳುಪಿನ ಪ್ರತಿಫಲನಕ್ಕೆ ಕಣ್ಣೂ ಕುಕ್ಕುತ್ತದೆ.

ನನ್ನ ಮಗ ಗೋಡೆಗೆ ಮೊಳೆ ಹೊಡೆದು ಒಂದು ತಾಪಮಾಪಕ ತೂಗುಹಾಕಿ, ರಾತ್ರಿ ಒಂಬತ್ತಕ್ಕೆ ದಿನವೂ ಬರೆದಿಡುತ್ತಿದ್ದ. ಸುಣ್ಣಕ್ಕೆ ಮುಂಚಿನ ವರ್ಷದ ಏಪ್ರಿಲ್‌ನಲ್ಲಿ ಮೇಲಿನ ಕೋಣೆ 38ರ ಸುತ್ತ ಇರುತ್ತಿತ್ತು. ಸುಣ್ಣ ಹೊಡೆದ ವರ್ಷ, ಹೊರಗೆ ಅಂಥದೇ ಬಿಸಿಲಿದ್ದ ದಿನಗಳಲ್ಲಿ 35 ದಾಟಿದ್ದು ಕಡಿಮೆ. ಮೂರು ಡಿಗ್ರಿ ಎಂದರೆ ಕೇಳುವವರಿಗೆ ಏನೂ ಅಲ್ಲ. ಮಲಗುವವರಿಗೆ ಅದೇ ನಿದ್ದೆಗೂ ಎಚ್ಚರಕ್ಕೂ ಇರುವ ಅಂತರ. ನಾವು ಎಣಿಸಿರದ ಇನ್ನೊಂದು ಲಾಭವೂ ಸಿಕ್ಕಿತು. ಬಿಳಿಯ ತಾರಸಿ ಹೊತ್ತು ಮುಳುಗಿದ ಒಂದೆರಡು ಗಂಟೆಯಲ್ಲಿ ತಣ್ಣಗಾಗುವುದರಿಂದ, ಕರೆಂಟು ಹೋದ ರಾತ್ರಿಗಳಲ್ಲಿ ಚಾಪೆ ಹಾಸಿ ಅಲ್ಲಿಯೇ ಮಲಗುವ ಹಳೆಯ ರೂಢಿ ಮತ್ತೆ ಮನೆಗೆ ಬಂತು.

ಕಿಟಕಿಗಳ ವಿಷಯದಲ್ಲಿ ನಾನು ನನ್ನ ಅಭ್ಯಾಸವನ್ನೇ ತಿರುವು ಮುರುವು ಮಾಡಬೇಕಾಯಿತು. ‘ಗಾಳಿ ಬರಲಿ’ ಎಂದು ಹಗಲಿಡೀ ತೆರೆದಿಟ್ಟು, ಸೊಳ್ಳೆಯ ಹೆದರಿಕೆಗೆ ಸಂಜೆ ಮುಚ್ಚುತ್ತಿದ್ದೆವು. ಅಂದರೆ ಝಳವನ್ನು ಕರೆದು ಒಳಗೆ ಕೂರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಈಗ ಎಲ್ಲ ಕಿಟಕಿಗೂ ಜಾಳಿಗೆ ಹಾಕಿಸಿದ್ದೇವೆ, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿದರೆ ಹೊತ್ತು ಮುಳುಗಿದ ಮೇಲೆಯೇ ತೆರೆಯುವುದು. ಹಣ ಕೊಟ್ಟು ಮಾಡಿಸಿದ ಮುಂದಿನ ಗಾಜಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿದ್ದೇವೆ. ಒಳಗೆ ಪರದೆ ಹಾಕುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ಮನೆಯ ಅಂದ ಕೆಟ್ಟಿತು ಎಂದು ಹೇಳುವ ನೆಂಟರಿಗೆ ಮೇ ತಿಂಗಳಲ್ಲಿ ಬನ್ನಿ ಎನ್ನುತ್ತೇನೆ.

ಕೂಲರ್ ಬಗ್ಗೆ ಒಂದು ಮಾತು. ನಮ್ಮ ಒಣ ಹವೆಗೆ ಎಸಿಗಿಂತ ಅದೇ ಮೇಲು, ಕರೆಂಟೂ ಕಡಿಮೆ ಸಾಕು; ಆದರೆ ಎಸಿಯಂತೆ ಕಿಟಕಿ ಬಾಗಿಲು ಮುಚ್ಚಿ ಹಾಕಿದರೆ ಕೋಣೆಯೆಲ್ಲ ತೇವ ತುಂಬಿ ಮೈ ಜಿಗಿಜಿಗಿ ಎನ್ನುತ್ತದೆ. ಕೂಲರ್ ಒಂದು ಕಿಟಕಿಯಲ್ಲಿದ್ದರೆ ಎದುರಿನದು ತುಸು ತೆರೆದಿರಲೇಬೇಕು. ಲಾವಂಚದ ಪ್ಯಾಡ್ ಹಾಕಿದರೆ ಪರಿಮಳ ಬೇರೆ. ಅದರ ದೊಡ್ಡ ಕಷ್ಟ ನೀರು: ನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬರುವ ತಿಂಗಳಲ್ಲಿಯೇ ಅದಕ್ಕೆ ದಿನಕ್ಕೆ ನಾಲ್ಕು ಕೊಡ ಬೇಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಿತ್ತಿಲ ಬೇವಿನ ಸಸಿಗೆ ಹೋಗುತ್ತದೆ, ಕೂಲರಿಗೆ ಹಾಕುವಂತಿಲ್ಲ, ನಾತ ಬರುತ್ತದೆ. ಮೇ ಕೊನೆಗೆ ಮೋಡ ಕವಿದು ಹವೆಯಲ್ಲಿ ತೇವ ಏರಿದ ಮೇಲೆ ಕೂಲರಿನ ಆಟ ಮುಗಿಯಿತು. ಆ ಹದಿನೈದು ದಿನ ಎಸಿಯೇ ಗತಿ ಎಂದು ಒಪ್ಪಿಕೊಳ್ಳುತ್ತೇನೆ.

ಅಡುಗೆಮನೆಯ ಬದಲಾವಣೆಗೆ ಖರ್ಚೇನೂ ಆಗಲಿಲ್ಲ. ದಿನವೂ ಬಿಸಿ ರೊಟ್ಟಿ ಬೇಕೆಂಬ ಯಜಮಾನರ ಹಟ ಬಿಡಿಸಿ, ವಾರಕ್ಕೊಂದು ಬೆಳಗಿನ ಜಾವ ಖಡಕ್ ರೊಟ್ಟಿ ಸುಟ್ಟಿಟ್ಟುಕೊಳ್ಳುತ್ತೇವೆ. ಉಳಿದ ದಿನ ಒಲೆ ಎಂಟರೊಳಗೆ ಆರುತ್ತದೆ. ಮಧ್ಯಾಹ್ನಕ್ಕೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ, ಜೊತೆಗೊಂದು ಉಳ್ಳಾಗಡ್ಡಿ.

ಅತ್ತೆಯವರಿಗೆಂದು ಕೆಳಗಿನ ಕೋಣೆಗೆ ಕೂಲರ್ ಇಟ್ಟುಕೊಟ್ಟರೂ ಅವರು ಅದನ್ನು ಹಚ್ಚುವುದಿಲ್ಲ. ಅಡುಗೆಮನೆಯ ಹಿಂದಿನ ಮೂಲೆಯಲ್ಲಿ, ಕಟ್ಟುವಾಗ ಟೈಲ್ಸ್ ಸಾಲದೆ ಬಂದು ಶಹಾಬಾದದ ಫರಸಿ ಹಾಸಿದ ಐದಡಿ ಜಾಗವಿದೆ. ಅದು ತಂಪಾಗಿರುವುದು ಕಲ್ಲಿನ ಗುಣಕ್ಕಿಂತ ಅದರ ಕೆಳಗಿನ ನೆಲದ ಗುಣದಿಂದ ಎಂದು ನಾನು ವಾದ ಹೂಡುತ್ತೇನೆ, ಏಕೆಂದರೆ ಪಡಸಾಲೆಯ ಟೈಲ್ಸೂ ಹೆಚ್ಚುಕಡಿಮೆ ಅಷ್ಟೇ ತಂಪು. ಅವರು ಕೇಳಿಸಿಕೊಳ್ಳುತ್ತಾರೆ, ಸೆರಗು ಒದ್ದೆ ಮಾಡಿ ಹಿಂಡಿ ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ, ಫರಸಿಯ ಮೇಲೆಯೇ ಮಗ್ಗುಲಾಗುತ್ತಾರೆ.