ಹುಬ್ಬಳ್ಳಿ ಸ್ಟೇಷನ್‌ನ್ಯಾಗ ನಿಂತು ರೈಲ್ವೆ ಇತಿಹಾಸ ಓದೋದು ಹೆಂಗ

ರೈಲ್ವೆ ಇತಿಹಾಸ ಅಂದಕೂಡ್ಲೇ ಎಲ್ಲಾರೂ 1853, ಬೋರಿ ಬಂದರ್, ಠಾಣೆ ಅಂತ ದೇಶದ ಮೊದಲ ಪ್ಯಾಸೆಂಜರ್ ಗಾಡಿಯಿಂದ ಶುರು ಹಚ್ಕೋತಾರ, ಪರೀಕ್ಷೆಗೆ ಅಷ್ಟು ಸಾಕು. ನಮ್ ಕಡೆಯವ್ರು ಗೇಜ್‌ನಿಂದ ಶುರು ಮಾಡ್ರಿ.

ಗೇಜ್ ಅಂದ್ರ ಎರಡು ಹಳಿ ನಡುವಿನ ಅಂತರ, ಈಗಿನ ಬ್ರಾಡ್‌ಗೇಜ್ 1676 ಮಿಮೀ, ಹಳೇ ಮೀಟರ್‌ಗೇಜ್ 1000 ಮಿಮೀ. 1876-78ರ ಬರದಾಗ ಈ ಭಾಗಕ್ಕ ಕಾಳುಕಡಿ ಮುಟ್ಟಿಸಾಕ ನೆಟ್ಟಗ ದಾರಿ ಇರ್ಲಿಲ್ಲ, ಮಂದಿ ಸತ್ತ ಮ್ಯಾಲೆ ಸರ್ಕಾರಕ್ಕ ಎಚ್ಚರಾತು, 1882ರಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ 1884ರಾಗ ಗದಗದಿಂದ ಸೊಲ್ಲಾಪುರ ಹತ್ತಿರದ ಹೊಟಗಿಗೆ ಲೈನ್ ಓಡಿತು, ಅದೂ ಖರ್ಚು ಕಡಿಮಿ ಅಂತ ಮೀಟರ್‌ಗೇಜ್. ಆದ್ರ ಹೊಟಗಿಯಿಂದ ಮುಂದ ಮುಂಬೈ ಲೈನ್ ಬ್ರಾಡ್‌ಗೇಜ್! ಗದಗಿನ ಹತ್ತಿ ಅಂಡಗಿ ಅಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕು. ಉಳಿಸಿದ ರೊಕ್ಕ ಹಮಾಲಿಗೇ ಹೋತು ಅನ್ರಿ. ದೇಶದ ತುಂಬ ಇದ ಫಜೀತಿ, ಅದಕ್ಕ 1992ರಾಗ ಎಲ್ಲಾ ಒಂದ ಗೇಜ್ ಮಾಡೋ ಯುನಿಗೇಜ್ ಯೋಜನಾ ಬಂತು.

ಈಗ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಒಳಗ ಹೋಗ್ರಿ. ಜಗತ್ತಿನಾಗ ಭಾಳ ಉದ್ದಂದು ಅಂತ ಹೆಸರಾದ 1507 ಮೀಟರ್ ಪ್ಲಾಟ್‌ಫಾರ್ಮ್ ಮುಂದ ಸೆಲ್ಫಿ ಆಮ್ಯಾಲೆ. ಮೊದ್ಲು ಬೋಗಿ ನಂಬರ್ ನೋಡ್ರಿ, ಸಾಮಾನ್ಯವಾಗಿ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ, 18 ಇದ್ರ 2018. ಹಳೇ ಸ್ಟೇಷನ್‌ಗಳ ಕಡೆ ಹೋದ್ರ ಬೇಲಿಗೆ, ಶೆಡ್ಡಿಗೆ ಹಳೇ ಹಳಿನ ಕಂಬ ಮಾಡಿ ನಿಲ್ಲಿಸಿರ್ತಾರ, ಅದರ ನಡುವಿನ ಪಟ್ಟಿ ಮ್ಯಾಲೆ ಕೈ ಆಡಿಸಿ ನೋಡ್ರಿ, ಬಣ್ಣದ ಕೆಳಗ ಉಬ್ಬಕ್ಷರ ಸಿಗ್ತಾವ, ಉಕ್ಕಿನ ಕಂಪನಿ ಹೆಸರು, ವರ್ಷ, ಕೆಲವೊಮ್ಮೆ ತೂಕಾನೂ. ಫೋಟೋದಾಗ ಸರಿ ಕಾಣೂದಿಲ್ಲ, ಮೊಬೈಲ್ ಟಾರ್ಚ್ ಅಡ್ಡ ಹಿಡೀರಿ. ಹಳಿ ಮ್ಯಾಲೆ ಮಾತ್ರ ಇಳೀಬ್ಯಾಡ್ರಿ.

ಹಳೇ ಕಾಗದ, ಟಿಕೆಟ್ ಸಿಕ್ರ ಮ್ಯಾಲಿನ ಹೆಸರಿನಿಂದ ಕಾಲ ಗುರ್ತಿಸಬಹುದು. 1908ರಿಂದ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ, 1951ರಿಂದ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ, 2003ರಿಂದ ಹುಬ್ಬಳ್ಳಿನ ಹೆಡ್‌ಆಫೀಸ್ ಆದ ನೈಋತ್ಯ ರೈಲ್ವೆ. ನಾಲ್ಕು ಬೋರ್ಡ್ ಬದಲಾದ್ರೂ ಗದಗ ರೋಡಿನ ವರ್ಕ್‌ಶಾಪ್ ಅಲ್ಲೇ ಐತಿ.

ಗದಗ ರೋಡಿನ ಕಡೆ ರೈಲ್ ಮ್ಯೂಸಿಯಂನೂ ಐತಿ, 2020ರಾಗ ಶುರು ಆದದ್ದು, ಮಲಪ್ರಭಾ, ಘಟಪ್ರಭಾ ಅಂತ ಎರಡು ಹಳೇ ಮನಿಯೊಳಗ. ಟೈಮಿಂಗ್ ಕೇಳ್ಕೊಂಡು ಹೋಗ್ರಿ, ಮನ್ಯಾಗ ರೈಲ್ವೆದಿಂದ ರಿಟೈರ್ ಆದ ಕಾಕಾನೋ ಅಜ್ಜನೋ ಇದ್ರ ಅವರನ್ನೂ ಕರ್ಕೊಂಡ ಹೋಗ್ರಿ, ಅಲ್ಲಿನ ಬೋರ್ಡಿಗಿಂತ ಜಾಸ್ತಿ ಅವರ ಹೇಳ್ತಾರ.