ಯಾವ ನೀರು ಯಾವ ಕೆಲಸಕ್ಕೆ

ಕೋಲಾರಕ್ಕೆ ಹೊಸದಾಗಿ ಬಂದು ಸಂಸಾರ ಹೂಡುವವರು ಮೊದಮೊದಲು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಕುಕ್ಕರ್ ಎಷ್ಟು ಸಲ ಕೂಗಿದರೂ ತೊಗರಿಬೇಳೆ ಏಕೆ ಕರಗುವುದಿಲ್ಲ, ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟದ ಮೇಲೆ ಬಿಳಿ ಚುಕ್ಕೆಗಳೇಕೆ, ತಲೆಗೆ ಸ್ನಾನ ಮಾಡಿದ ಮೇಲೂ ಕೂದಲು ಏಕೆ ಅಂಟಂಟಾಗಿರುತ್ತದೆ. ದಿನಸಿ ಅಂಗಡಿಯವರನ್ನು ಬೈಯುವ ಮೊದಲು ನಲ್ಲಿಯ ಕಡೆಗೊಮ್ಮೆ ನೋಡಬೇಕು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಬಹಳಷ್ಟು ಮನೆಗಳು ಬೋರ್‌ವೆಲ್ ನೀರನ್ನೇ ನಂಬಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಿದ್ದ ಆ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ; ಗಡಸು ನೀರು ಎನ್ನುವುದು ಇದನ್ನೇ. ಮನೆಯ ಎಲ್ಲ ನೀರಿಗೂ ಒಂದೇ ದುಬಾರಿ ಯಂತ್ರ ಕೂರಿಸುವುದಕ್ಕಿಂತ, ಯಾವ ನೀರನ್ನು ಯಾವ ಕೆಲಸಕ್ಕೆ ಎತ್ತಿಕೊಳ್ಳಬೇಕೆಂದು ಗೊತ್ತುಮಾಡಿಕೊಳ್ಳುವುದೇ ಮೇಲೆಂದು ನಾನು ಹೇಳುತ್ತೇನೆ.

ಬೇಳೆಯಿಂದಲೇ ಆರಂಭಿಸೋಣ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನೊಳಗಿನ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿಯಾಗಿಸುವುದರಿಂದ, ಬೇಳೆ ಬೆಂದರೂ ಮಸೆದರೆ ನುಣ್ಣಗಾಗದೆ ಕಾಳುಕಾಳಾಗಿಯೇ ಉಳಿಯುತ್ತದೆ; ಮಸ್ಸೊಪ್ಪು ಮಾಡುವ ದಿನವಂತೂ ಇದು ಚೆನ್ನಾಗಿ ಗೊತ್ತಾಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ ಜೀವಸತ್ವ ನಷ್ಟವಾಗುತ್ತದೆ, ರುಚಿಯೂ ಕೆಡುತ್ತದೆ, ಆದ್ದರಿಂದ ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಅದರ ಬದಲು ಬೇಳೆ ಬೇಯಿಸಲು, ಲವಣವನ್ನೂ ಸೋಸುವ ಆರ್‌ಒ ಯಂತ್ರದ ಕುಡಿಯುವ ನೀರನ್ನೇ ಬಳಸಿ, ಹುಣಸೆಹಣ್ಣು ಮತ್ತು ಟೊಮೆಟೊವನ್ನು ಬೇಳೆ ಪೂರ್ತಿ ಬೆಂದ ಮೇಲಷ್ಟೇ ಹಾಕಿ, ಏಕೆಂದರೆ ಹುಳಿಯೂ ಕಾಳನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಕಡಲೆಕಾಳು, ಹುರುಳಿ, ಒಣ ಅವರೆಕಾಳಿನ ವಿಷಯದಲ್ಲಿ ನೆನೆಸುವ ನೀರೂ ಒಳ್ಳೆಯದಾಗಿರಬೇಕು. ರಾತ್ರಿಯೆಲ್ಲ ಬೋರ್‌ವೆಲ್ ನೀರಿನಲ್ಲಿ ನೆನೆದ ಕಾಳನ್ನು ಬೆಳಿಗ್ಗೆ ಒಳ್ಳೆಯ ನೀರಿನಲ್ಲಿ ಬೇಯಿಸಿದರೂ ಗ್ಯಾಸು ಉಳಿಯುವುದಿಲ್ಲ. ಬೇಳೆ ತೊಳೆಯುವ ಮೊದಲ ಎರಡು ನೀರಿಗೆ ಮಾತ್ರ ನಲ್ಲಿಯ ನೀರು ಧಾರಾಳವಾಗಿ ಸಾಕು.

ಕುಡಿಯುವ ನೀರಿನಲ್ಲಿ ಮಾತ್ರ ಅಂದಾಜಿನ ಮೇಲೆ ನಡೆಯಬಾರದು. ನೀರನ್ನು ಕುದಿಸಿ ಆರಿಸಿದರೆ ತಳದಲ್ಲಿ ಬಿಳಿ ಪುಡಿ ಕೂರುತ್ತದೆ, ರೋಗಾಣುಗಳು ಸಾಯುತ್ತವೆ, ಗಡಸುತನವೂ ಒಂದಿಷ್ಟು ಇಳಿಯುತ್ತದೆ. ಇದನ್ನು ಕಂಡು ನೀರು ಶುದ್ಧವಾಯಿತೆಂದು ನಂಬುವ ಹಿರಿಯರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಆದರೆ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳ ಎಷ್ಟೋ ಊರುಗಳ ಅಂತರ್ಜಲದಲ್ಲಿರುವ ಫ್ಲೋರೈಡಿಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ, ಕುದಿಸಿದರೆ ಅದು ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಅದಕ್ಕಿಂತ ಹೆಚ್ಚಿರುವ ನೀರನ್ನು ಕುಡಿಯುತ್ತಾ ಬಂದರೆ ಶಾಶ್ವತ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಬೀಳುತ್ತವೆ, ಅವು ಯಾವ ಪೇಸ್ಟಿಗೂ ಹೋಗುವುದಿಲ್ಲ. ಹೊಸ ಬೋರ್‌ವೆಲ್ ಕೊರೆಸಿದಾಗಲೂ ಬಾಡಿಗೆ ಮನೆಗೆ ಹೋದಾಗಲೂ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇತ್ತ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದ್ದು, ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿಕೊಂಡಿರುವುದು ಸಂತೋಷದ ಸಂಗತಿಯೇ. ಆದರೂ ನೀರು ಹೆಚ್ಚಾದ ಮಾತ್ರಕ್ಕೆ ಪರೀಕ್ಷೆ ಬೇಡವೆಂದಾಗುವುದಿಲ್ಲ.

ಇನ್ನು ನಲ್ಲಿ, ಬಕೆಟ್, ಬಚ್ಚಲಿನಲ್ಲಿ ಕಟ್ಟುವ ಬಿಳಿ ಪೊರೆಗೆ ಹುಳಿಯೇ ಮದ್ದು. ನಿಂಬೆರಸದಲ್ಲಿ ಅದ್ದಿದ ಹಳೆಯ ಬಟ್ಟೆಯನ್ನು ನಲ್ಲಿಯ ಬಾಯಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ, ಮರಳಿನಂತೆ ಕರಕರ ಎನ್ನುತ್ತಿದ್ದ ಪೊರೆ ಮೆತ್ತಗಾಗಿ ಬಟ್ಟೆಗೇ ಅಂಟಿಕೊಂಡು ಬರುತ್ತದೆ. ಶೌಚಾಲಯಕ್ಕೆಂದು ಮಾರುವ ಆಸಿಡ್ಡನ್ನು ನಲ್ಲಿಗೆ ಮುಟ್ಟಿಸಲೇಬೇಡಿ, ಹೊಳಪಿನ ಲೇಪವೇ ಎದ್ದುಹೋಗುತ್ತದೆ. ಅಡುಗೆ ಕಟ್ಟೆಗೆ ಕಡಪಾ ಕಲ್ಲು ಹಾಕಿಸಿದವರು ನಿಂಬೆಹೋಳನ್ನೂ ಹುಣಸೆ ಹಿಂಡಿದ ಪಾತ್ರೆಯನ್ನೂ ಅದರ ಮೇಲೆ ಬಿಡಬಾರದು. ಅದು ಸುಣ್ಣದ ಜಾತಿಯ ಕಲ್ಲಾದ್ದರಿಂದ ಹುಳಿ ತಾಗಿದಲ್ಲೆಲ್ಲ ಹೊಳಪು ಸತ್ತು ಬೂದು ಕಲೆ ಉಳಿಯುತ್ತದೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕೂರುವುದರಿಂದ ಗೀಸರನ್ನು ಕೊನೆಯ ಅಂಕಿಯವರೆಗೆ ತಿರುಗಿಸಿ, ಆಮೇಲೆ ತಣ್ಣೀರು ಬೆರೆಸಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ. ತಲೆಸ್ನಾನಕ್ಕೆ ಸೀಗೆಪುಡಿ ಈಗಲೂ ಸೋಪಿಗಿಂತ ಮೇಲು. ಕೊನೆಯ ಎರಡು ಚೊಂಬು ನೀರು ಮಾತ್ರ ಒಳ್ಳೆಯದಾಗಿದ್ದರೆ ಸಾಕು.

ಆರ್‌ಒ ಯಂತ್ರ ಇಟ್ಟುಕೊಂಡವರು ಅದು ಹೊರಹಾಕುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಹಿಡಿದಿಡಲಿ. ತುಳಸಿಗೂ ಕರಿಬೇವಿಗೂ ಅದನ್ನು ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರಿ ಎಲೆಯ ಅಂಚು ಸುಡುತ್ತದೆ.

ಇಷ್ಟೆಲ್ಲ ನೀರುಗಳ ನಡುವೆ ನಾವು ಕಡೆಗಣಿಸಿರುವುದು ಮಳೆಯ ನೀರನ್ನು. ಸಾವಿರ ಚದರ ಅಡಿಯ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರಾಗುತ್ತದೆ, ಹಾಗೂ ಹೀಗೂ ಸೋರಿಹೋದದ್ದನ್ನು ಬಿಟ್ಟರೂ ಒಂದು ಡ್ರಮ್ಮು ತುಂಬಿ ಮಿಗುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ; ಅದಕ್ಕೆ ಮೊದಲೇ ತಾರಸಿಯನ್ನು ಗುಡಿಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನ ಮೂಲಕ ಸೋಸಿ, ಬೆಳಕು ತೂರದ ಡ್ರಮ್ಮಿನಲ್ಲಿ ಹಿಡಿಯಬೇಕು. ಬೇಳೆಗೂ ಕಾಫಿಗೂ ಕುದಿಸಿ ಬಳಸಲು ಇದಕ್ಕಿಂತ ಮೆದುವಾದ ನೀರು ಈ ಸೀಮೆಯಲ್ಲಿ ಸಿಗಲಾರದು. ಡ್ರಮ್ಮಿನ ಬಾಯಿಗೆ ಮುಚ್ಚಳದ ಕೆಳಗೆ ಒತ್ತು ನೇಯ್ಗೆಯ ಪಂಚೆಬಟ್ಟೆ ಕಟ್ಟಿ, ಇಲ್ಲದಿದ್ದರೆ ವಾರದೊಳಗೆ ಸೊಳ್ಳೆಮರಿ ಆಡುತ್ತಿರುತ್ತದೆ. ನೀರನ್ನು ಚೊಂಬು ಮುಳುಗಿಸಿ ತೆಗೆಯದೆ, ತಳದಿಂದ ನಾಲ್ಕು ಬೆರಳು ಮೇಲಕ್ಕೆ ನಲ್ಲಿ ಕೂರಿಸಿ ಹಿಡಿದುಕೊಳ್ಳಿ.