ನರದ ‘ಶಾಕ್ ಟೆಸ್ಟ್’ ಬರೆದುಕೊಟ್ಟಿದ್ದಾರಾ? ಹೊರಡುವ ಮುಂಚೆ ಇದನ್ನು ಓದಿ

ಡಾಕ್ಟರ್ ಚೀಟಿಯಲ್ಲಿ ಎನ್‌ಸಿಎಸ್, ಇಎಂಜಿ (ನರ ಮತ್ತು ಸ್ನಾಯು ನೋಡುವ ಟೆಸ್ಟ್‌ಗಳು) ಅಂತ ಬರೆದುಕೊಟ್ಟ ಕೂಡಲೇ ಎಲ್ಲರೂ ಕೇಳುವುದು ಒಂದೇ: ಶಾಕ್ ಜಾಸ್ತಿ ಹೊಡೆಯುತ್ತಾ? ಹಾಸನದಲ್ಲಿ ಈ ಟೆಸ್ಟ್ ಮಾಡುವ ರೂಮಿನಲ್ಲೇ ನನ್ನ ಕೆಲಸ, ದಿನಾ ಇದೇ ಪ್ರಶ್ನೆ. ಹೊಡೆಯುತ್ತೆ, ಆದರೆ ತಡೆದುಕೊಳ್ಳಬಹುದು. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ರಿಪೋರ್ಟ್ ಸರಿಯಾಗಿ ಬರಬೇಕಾದರೆ ನಾವೇನು ಮಾಡಿಕೊಂಡು ಬರಬೇಕು? ರಕ್ತ ಕೊಟ್ಟು ಬಂದಷ್ಟು ಸಲೀಸಲ್ಲ ಇದು. ನೀವು ಯಾವಾಗ ಬಂದಿರಿ, ಕೈಕಾಲು ಎಷ್ಟು ಬೆಚ್ಚಗಿದೆ, ಚೀಟಿಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ರಿಪೋರ್ಟೇ ಬದಲಾಗಬಹುದು.

ಮೊದಲು, ಇವು ಎರಡು ಬೇರೆ ಬೇರೆ ಟೆಸ್ಟ್. ಎನ್‌ಸಿಎಸ್‌ನಲ್ಲಿ ಸೂಜಿ ಇಲ್ಲ. ಚರ್ಮದ ಮೇಲೆ ಸಣ್ಣ ಪಟ್ಟಿ ಅಂಟಿಸಿ, ನರ ಹಾದುಹೋಗುವ ಜಾಗದಲ್ಲಿ ಚಿಕ್ಕದಾಗಿ ಕರೆಂಟ್ ಕೊಟ್ಟು, ಅದು ಎಷ್ಟು ಬೇಗ ಮತ್ತು ಎಷ್ಟು ಜೋರಾಗಿ ಇನ್ನೊಂದು ತುದಿ ತಲುಪಿತು ಅಂತ ನೋಡುತ್ತೇವೆ. ಕೈ ತಾನಾಗೇ ಟಕ್ ಅಂತ ಹಾರುತ್ತೆ, ಗಾಬರಿಯಾಗಬೇಡಿ. ಇಎಂಜಿಯಲ್ಲಿ ಡಾಕ್ಟರ್ ತೆಳು ಸೂಜಿಯನ್ನು ಸ್ನಾಯುವಿಗೇ ಚುಚ್ಚಿ ನೋಡುತ್ತಾರೆ, ಅದರಲ್ಲಿ ಕರೆಂಟ್ ಇಲ್ಲ. ಎಷ್ಟೋ ಜನಕ್ಕೆ ಮೊದಲನೆಯದು ಮಾತ್ರ ಸಾಕಾಗುತ್ತದೆ. ಎರಡೂ ಸೇರಿದರೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಬಹುದು, ಬಸ್ಸಿನ ಟೈಮ್ ಅದಕ್ಕೆ ತಕ್ಕಂತೆ ನೋಡಿಕೊಳ್ಳಿ.

ಈಗ ಚಳಿಯ ವಿಷಯ. ನಮ್ಮ ಕಡೆ ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಡಿಸೆಂಬರ್, ಜನವರಿಯಲ್ಲಿ ಮೂಡಿಗೆರೆಯಿಂದಲೋ ಸಕಲೇಶಪುರದಿಂದಲೋ ಬೆಳಗಿನ ಮೊದಲ ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಇಳಿದವರೇ ಸೀದಾ ಟೆಸ್ಟ್ ಟೇಬಲ್ ಮೇಲೆ ಮಲಗಿದರೆ ಅವರ ಬೆರಳು ಮಂಜಿನಂತೆ ತಣ್ಣಗಿರುತ್ತದೆ. ಆರೋಗ್ಯವಂತರ ಕೈ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಓಡಬೇಕು, ಕಾಲಿನಲ್ಲಿ 40ಕ್ಕಿಂತ ಜಾಸ್ತಿ. ಚರ್ಮ ಒಂದು ಡಿಗ್ರಿ ತಣ್ಣಗಾದರೆ ಈ ವೇಗ ಹೆಚ್ಚುಕಡಿಮೆ 2 ಮೀಟರ್ ಇಳಿಯುತ್ತದೆ. ಐದು ಡಿಗ್ರಿ ತಣ್ಣಗಿದ್ದರೆ ಲೆಕ್ಕ ಹಾಕಿ. ಏನೂ ಇಲ್ಲದವರಿಗೂ ನರದ ಕಾಯಿಲೆ ಇದೆ ಅಂತ ಯಂತ್ರ ತೋರಿಸಿಬಿಡುತ್ತೆ! ಅದಕ್ಕೇ ಕೈ ಸುಮಾರು 32 ಡಿಗ್ರಿ ಇರುವ ಹಾಗೆ ಬೆಚ್ಚಗೆ ಮಾಡಿಕೊಂಡೇ ಶುರು ಮಾಡಬೇಕು. ಸ್ವೆಟರ್, ಸಾಕ್ಸ್, ಕೈಗವಸು ಹಾಕಿಕೊಂಡು ಬನ್ನಿ, ಬಂದ ಮೇಲೆ ಸ್ವಲ್ಪ ಹೊತ್ತು ಕೂತಿರಿ (ಖಾಲಿ ಹೊಟ್ಟೆಯಲ್ಲಿ ಬರುವ ಅಗತ್ಯವೇ ಇಲ್ಲ, ತಿಂಡಿ ತಿಂದೇ ಬನ್ನಿ). ಟೆಸ್ಟ್ ಮಾಡುವವರು ಕೈ ಮುಟ್ಟಿ ನೋಡದೆ ಶುರು ಮಾಡಿದರೆ “ಸರ್, ಕೈ ತಣ್ಣಗಿದೆ, ಬಿಸಿನೀರಲ್ಲಿ ಇಟ್ಟುಕೊಳ್ಳಲಾ?” ಅಂತ ನೀವೇ ಕೇಳಿ. ಅದರಲ್ಲಿ ಸಂಕೋಚ ಬೇಡ.

ಎಣ್ಣೆ ಇನ್ನೊಂದು ತಲೆನೋವು. ಮೊನ್ನೆ ಅರಕಲಗೂಡು ಕಡೆಯಿಂದ ಬಂದ ಒಬ್ಬ ಅಜ್ಜಿಗೆ ಪಟ್ಟಿ ಅಂಟಿಸುತ್ತೇನೆ, ಜಾರುತ್ತೆ, ಮತ್ತೆ ಅಂಟಿಸುತ್ತೇನೆ, ಮತ್ತೆ ಜಾರುತ್ತೆ. “ಅಜ್ಜಿ, ಕೈಗೆ ಏನು ಹಚ್ಚಿದ್ದೀರಿ?” ಅಂದರೆ “ಏನಿಲ್ಲ ಕಣಪ್ಪ, ನೋವಿನ ಎಣ್ಣೆ ಅಷ್ಟೆ, ರಾತ್ರಿ ತಿಕ್ಕಿದ್ದು” ಅಂದರು. ಎಣ್ಣೆ, ಮುಲಾಮು, ಕ್ರೀಮ್ ಇದ್ದರೆ ಪಟ್ಟಿ ಕೂರುವುದಿಲ್ಲ, ಪರದೆ ಮೇಲಿನ ಗೆರೆ ನಡುಗುತ್ತದೆ. ಸೋಪು ಹಾಕಿ ಸ್ನಾನ ಮಾಡಿ ಬನ್ನಿ, ಆಮೇಲೆ ಏನೂ ಹಚ್ಚಬೇಡಿ. ಉಂಗುರ, ಬಳೆ, ಕಾಲುಗೆಜ್ಜೆ ಬಿಚ್ಚಿಡಿ. ಪ್ಯಾಂಟ್ ಮಂಡಿ ತನಕ, ತೋಳು ಭುಜದ ತನಕ ಸರಿಯುವಷ್ಟು ಸಡಿಲವಾದ ಬಟ್ಟೆ ಇರಲಿ.

ಮೊದಲೇ ಹೇಳಲೇಬೇಕಾದ ಸಂಗತಿಗಳಿವೆ. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ? ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ? ಗಾಯವಾದರೆ ರಕ್ತ ನಿಲ್ಲದ ತೊಂದರೆ ಇದೆಯಾ? ಇದ್ದರೂ ಎಷ್ಟೋ ಸಲ ಟೆಸ್ಟ್ ಮಾಡಬಹುದು, ಆದರೆ ನಮಗೆ ಗೊತ್ತಿರಬೇಕು. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ. ಮಯಸ್ತೇನಿಯಾ ಇದೆಯಾ ಅಂತ ನೋಡಲು, ಅಂದರೆ ಸಂಜೆಯಾಗುತ್ತಾ ಕಣ್ಣುರೆಪ್ಪೆ ಇಳಿಬೀಳುವುದು, ಅಗಿಯುತ್ತಾ ದವಡೆ ಸೋಲುವುದು ಇಂಥದ್ದಕ್ಕೆ, ಒಂದೇ ನರಕ್ಕೆ ಬೇಗ ಬೇಗ ಶಾಕ್ ಕೊಡುವ ಬೇರೆ ಟೆಸ್ಟ್ ಇದೆ. ಅದಕ್ಕೆ ಮುಂಚೆ, ಆ ಕಾಯಿಲೆಗೆ ಕೊಡುವ ಪೈರಿಡೋಸ್ಟಿಗ್ಮಿನ್ ಮಾತ್ರೆ ಎಷ್ಟು ಹೊತ್ತು ಬಿಡಬೇಕು, ಬಿಡಬಹುದಾ ಅಂತಲೂ ಡಾಕ್ಟರೇ ಹೇಳಬೇಕು. ಸ್ನಾಯುವಿನ ಸಿಕೆ ರಕ್ತಪರೀಕ್ಷೆ ಬರೆದಿದ್ದರೆ ಅದನ್ನು ಸೂಜಿ ಟೆಸ್ಟ್‌ಗೆ ಮುಂಚೆ ಕೊಟ್ಟುಬಿಡಿ. ಚುಚ್ಚಿದ ಮೇಲೆ ಅದರ ಮಟ್ಟ ಸ್ವಲ್ಪ ಏರಬಹುದು.

ತುಂಬಾ ಬೇಗ ಓಡಿ ಬರುವುದೂ ದಂಡ. ಬೈಕಿನಿಂದ ಬಿದ್ದು ಕೈ ಎತ್ತಲಾಗುತ್ತಿಲ್ಲ, ಅಡಿಕೆ ಮರದಿಂದ ಜಾರಿ ಭುಜದ ನರ ಎಳೆದಿದೆ, ಸೊಂಟಕ್ಕೆ ಇಂಜೆಕ್ಷನ್ ತಗೊಂಡ ಮೇಲೆ ಪಾದ ಜೋತುಬಿದ್ದಿದೆ. ಇಂಥವರು ಡಾಕ್ಟರನ್ನು ಅವತ್ತೇ ನೋಡಬೇಕು, ಸರಿ. ಆದರೆ ತುಂಡಾದ ನರ ಕೂಡ ಏಟಿನಿಂದ ಕೆಳಗಿನ ಭಾಗದಲ್ಲಿ ಮೊದಲ ಕೆಲವು ದಿನ ಚೆನ್ನಾಗೇ ಇರುವ ಹಾಗೆ ಉತ್ತರ ಕೊಡುತ್ತದೆ. ಸ್ನಾಯುವಿನಲ್ಲಿ ಅದರ ಗುರುತು ಕಾಣಲು ಎರಡು ಮೂರು ವಾರ ಬೇಕು. ಡಾಕ್ಟರ್ ಬೇರೆ ಹೇಳದಿದ್ದರೆ ಮೂರು ವಾರ ಬಿಟ್ಟು ಬರುವುದೇ ವಾಸಿ.

ಇದಕ್ಕೆ ತದ್ವಿರುದ್ಧ ಒಂದಿದೆ, ಮರೆಯಬೇಡಿ. ಪಾದದಲ್ಲಿ ಶುರುವಾದ ಬಲಹೀನತೆ ಒಂದೆರಡು ದಿನದಲ್ಲೇ ಮಂಡಿ, ತೊಡೆ, ಕೈ ಅಂತ ಮೇಲೇರುತ್ತಿದ್ದರೆ, ನುಂಗಲು, ಉಸಿರಾಡಲು ಕಷ್ಟವಾಗುತ್ತಿದ್ದರೆ ಟೆಸ್ಟ್ ಅಪಾಯಿಂಟ್‌ಮೆಂಟಿಗೆ ಕಾಯುವ ಮಾತೇ ಇಲ್ಲ. ಅದು ಗಿಲಾನ್ ಬಾರೆ ಅನ್ನುವ ನರದ ಕಾಯಿಲೆ ಆಗಿರಬಹುದು. 108ಕ್ಕೆ ಫೋನ್ ಮಾಡಿ, ಐಸಿಯು ಇರುವ ಆಸ್ಪತ್ರೆಗೆ ಹೋಗಿ.

ಚೀಟಿಯಲ್ಲಿ ಬರೀ “ಎನ್‌ಸಿಎಸ್” ಅಂತಿದ್ದರೆ ನಾವು ಕತ್ತಲಲ್ಲಿ ಹುಡುಕಿದಂತೆ. ಏನು ಅನುಮಾನ, ಯಾವ ಕೈ ಅಂತ ಬರೆಸಿಕೊಳ್ಳಿ. ನೀವೂ ಗಮನಿಸಿಕೊಂಡು ಬನ್ನಿ: ಜೋಮು ಯಾವ ಬೆರಳಿಗೆ? ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ ಜೋಮು ಹಿಡಿದು, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರಾಗುತ್ತದೆ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿರುವ ಅನುಮಾನ. ಕಿರುಬೆರಳಾದರೆ ಮೊಣಕೈ ಕಡೆ ನೋಡುತ್ತೇವೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕುಡಿತ, ಟಿಬಿ ಮಾತ್ರೆ, ತೋಟಕ್ಕೆ ಔಷಧಿ ಹೊಡೆಯುವ ಕೆಲಸ, ಎಲ್ಲ ಹೇಳಿ. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಅದನ್ನೂ ತೋರಿಸಿ. ಕುಷ್ಠರೋಗವಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, ವಾಸಿಯಾಗುತ್ತದೆ. ಮುಚ್ಚಿಟ್ಟರೆ ನರ ಹಾಳಾಗುತ್ತದೆ ಅಷ್ಟೆ.

ಸೂಜಿ ಟೆಸ್ಟ್‌ನಲ್ಲಿ ನಿಮ್ಮ ಕೆಲಸ ಎರಡೇ. “ಸಡಿಲ ಬಿಡಿ” ಅಂದಾಗ ಪೂರ್ತಿ ಸಡಿಲ, “ನಿಧಾನ ಬಿಗಿ ಮಾಡಿ” ಅಂದಾಗ ನಿಧಾನ. ಯಂತ್ರಕ್ಕೆ ಸ್ಪೀಕರ್ ಇರುತ್ತೆ. ಆರಾಮಾಗಿರುವ ಒಳ್ಳೆಯ ಸ್ನಾಯು ಸದ್ದು ಮಾಡುವುದಿಲ್ಲ. ನರದ ಸಂಪರ್ಕ ತಪ್ಪಿದ ಸ್ನಾಯು ಸುಮ್ನೆ ಇದ್ದರೂ ಟಪ್ ಟಪ್ ಅನ್ನುತ್ತಲೇ ಇರುತ್ತದೆ, ತಗಡಿನ ಮೇಲೆ ಮಳೆ ಬಿದ್ದ ಹಾಗೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ನೀವು ಹೆದರಿ ಬಿಗಿ ಹಿಡಿದರೆ ಆ ಸಣ್ಣ ಸದ್ದು ಮುಚ್ಚಿಹೋಗುತ್ತದೆ, ಇನ್ನೊಂದು ಸಲ ಚುಚ್ಚಬೇಕಾಗುತ್ತದೆ. ಯಾವುದಾದರೂ ಜಾಗ ತೀರಾ ನೋಯುತ್ತಿದ್ದರೆ ಹೇಳಿ, ನಿಲ್ಲಿಸುತ್ತಾರೆ.

ಸೂಜಿ ಟೆಸ್ಟ್ ಡಾಕ್ಟರ್ ಇರುವ ದಿನ ಮಾತ್ರ ನಡೆಯುತ್ತದೆ. ಹಾಸನವಾಗಲಿ, ಚಿಕ್ಕಮಗಳೂರಾಗಲಿ, ಫೋನ್ ಮಾಡಿ ದಿನ ಮತ್ತು ರೇಟು ಕೇಳಿಕೊಂಡೇ ಹೊರಡಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಬಿಡಿಸಲಾಗದ ಕೇಸಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಾರೆ, ಆಗ ಹಳೇ ರಿಪೋರ್ಟೆಲ್ಲ ತಗೊಂಡು ಹೋಗಿ.

ರಿಪೋರ್ಟ್ ‘ನಾರ್ಮಲ್’ ಬಂದರೆ ದುಡ್ಡು ದಂಡ ಅಂತ ಗೊಣಗುವವರು ಬಹಳ. ಈ ಟೆಸ್ಟ್ ದಪ್ಪ ನರಗಳನ್ನಷ್ಟೇ ನೋಡುತ್ತದೆ. ಸಕ್ಕರೆ ಕಾಯಿಲೆಯವರ ಅಂಗಾಲು ಉರಿ ಎಷ್ಟೋ ಸಲ ಸಣ್ಣ ನರದ್ದು, ಅದು ಇದರಲ್ಲಿ ಸಿಗುವುದಿಲ್ಲ. ಹಾಗಂತ ಉರಿ ಸುಳ್ಳಲ್ಲ, ಅಲ್ವಾ? ರಿಪೋರ್ಟನ್ನು ಚೀಟಿ ಬರೆದ ಡಾಕ್ಟರಿಗೇ ತೋರಿಸಿ, ಮೆಡಿಕಲ್ ಸ್ಟೋರಿನವರಿಂದ ಓದಿಸಬೇಡಿ. ಅಂಕಿಗಳಿರುವ ಹಾಳೆಗಳನ್ನೂ ಕೇಳಿ ಪಡೆದು ಇಟ್ಟುಕೊಳ್ಳಿ. ಕೆಲವು ತಿಂಗಳ ನಂತರ ಮತ್ತೆ ಟೆಸ್ಟ್ ಮಾಡಿದರೆ ನರ ಚೇತರಿಸಿಕೊಳ್ಳುತ್ತಿದೆಯಾ ಅಂತ ಆ ಅಂಕಿಗಳನ್ನು ಪಕ್ಕಪಕ್ಕ ಇಟ್ಟೇ ನೋಡಬೇಕು.